ಒಬ್ಬನೇ ಮನುಷ್ಯ, ಐದು ಫೈಲು: ಅಂಗವೈಕಲ್ಯ ಮತ್ತು ಮಾನಸಿಕ ಆರೋಗ್ಯದ ಬೆಂಬಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಅಂಗವೈಕಲ್ಯ ಮತ್ತು ಮಾನಸಿಕ ಕಾಯಿಲೆ ಎರಡೂ ಇರುವವರ ಜೊತೆ ಕೆಲಸ ಮಾಡುವವಳು. ಅದಕ್ಕೂ ಮೊದಲು ಒಬ್ಬ ತಮ್ಮನ ಅಕ್ಕ. ಅವನಿಗೆ ಹುಟ್ಟಿನಿಂದ ಬೌದ್ಧಿಕ ವೈಕಲ್ಯವಿದೆ. ಇಪ್ಪತ್ತು ದಾಟಿದ ಮೇಲೆ ಡಿಪ್ರೆಶನ್ ಕೂಡ ಬಂತು. ಆಗ ನಮ್ಮ ಕಪಾಟಿನಲ್ಲಿ ಅವನ ಹೆಸರಿನ ಐದು ಫೈಲುಗಳಿದ್ದವು. ಒಂದರಲ್ಲಿ ಇರುವುದು ಇನ್ನೊಂದನ್ನು ಬರೆದವರಿಗೆ ಗೊತ್ತಿರಲಿಲ್ಲ. ಐದನ್ನೂ ಓದಿದ್ದು ಅಮ್ಮ ಒಬ್ಬಳೇ. ಕೆಳಗಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಐದು ಫೈಲುಗಳನ್ನು ಒಂದು ಮಾಡುವ ಬಗ್ಗೆಯೇ ಇವೆ.

ಸಮಗ್ರ ಬೆಂಬಲ ಅಂದರೆ ಏನು? ಮಾತ್ರೆ ಬಿಟ್ಟು ಬೇರೆ ಚಿಕಿತ್ಸೆ ಮಾಡುವುದಾ?

ಅಲ್ಲ. ಈ ಗೊಂದಲ ತುಂಬ ಜನರಿಗಿದೆ. ಸಮಗ್ರ ಅಂದ ತಕ್ಷಣ ಮಾತ್ರೆ ಬೇಡ ಅನ್ನುವ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಮಾತ್ರೆ ಬೇಕಾದವರಿಗೆ ಮಾತ್ರೆಯೂ ಇದರ ಒಂದು ಭಾಗವೇ. ಆದರೆ ಅದೊಂದೇ ಅಲ್ಲ. ನಿದ್ದೆ, ನೋವು, ಓಡಾಟ, ಹಣ, ಮನೆ, ಕೆಲಸ, ಸ್ನೇಹ, ಮನೆಯವರ ಸುಸ್ತು, ಎಲ್ಲವನ್ನೂ ಒಟ್ಟಿಗೆ ನೋಡುವುದು ಸಮಗ್ರ ಬೆಂಬಲ.

ಇದು ಹೊಸ ಆಲೋಚನೆಯೇನಲ್ಲ. ಕಾಯಿಲೆಯನ್ನು ಬರೀ ದೇಹದಲ್ಲಿ ಹುಡುಕಬೇಡಿ, ಮನಸ್ಸು ಮತ್ತು ಸುತ್ತಲಿನ ಬದುಕನ್ನೂ ಸೇರಿಸಿ ನೋಡಿ ಅಂತ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲೇ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗವೈಕಲ್ಯವನ್ನು ಅಳೆಯಲು ಹೊಸ ಚೌಕಟ್ಟು ಒಪ್ಪಿಕೊಂಡಿತು. ದೇಹದಲ್ಲಿ ಏನು ಕೊರತೆ ಇದೆ ಅನ್ನುವುದರ ಜೊತೆಗೆ ಆ ವ್ಯಕ್ತಿ ದಿನದಲ್ಲಿ ಏನೇನು ಮಾಡಬಲ್ಲರು, ಸುತ್ತಲಿನ ಜಾಗ ಮತ್ತು ಜನ ಅದಕ್ಕೆ ಅಡ್ಡ ಬರುತ್ತಾರಾ ಅಥವಾ ಕೈ ಹಿಡಿಯುತ್ತಾರಾ ಅಂತಲೂ ಅದು ಕೇಳುತ್ತದೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಮೆಟ್ಟಿಲು ಇರುವ ಕಟ್ಟಡ ಒಂದು, ಇಳಿಜಾರು ದಾರಿ ಇರುವ ಕಟ್ಟಡ ಇನ್ನೊಂದು. ಎರಡೂ ಕಡೆ ಕಾಲು ಅದೇ. ಬದುಕು ಮಾತ್ರ ಬೇರೆ.

ಅಂಗವೈಕಲ್ಯವೇ ಬೇರೆ, ಮಾನಸಿಕ ಕಾಯಿಲೆಯೇ ಬೇರೆ ಅಲ್ವಾ? ಯಾಕೆ ಒಟ್ಟಿಗೆ ಸೇರಿಸುತ್ತೀರಿ?

ಬೇರೆ ಹೌದು. ಆದರೆ ಒಬ್ಬರಲ್ಲೇ ಎರಡೂ ಇರುವುದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯವಿದೆ, ಅಂದರೆ 100ಕ್ಕೆ 16 ಜನ. 2019ರಲ್ಲಿ ಸುಮಾರು 97 ಕೋಟಿ ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು, 8 ಜನರಲ್ಲಿ ಒಬ್ಬರಿಗೆ. ಈ ಎರಡು ಗುಂಪುಗಳ ನಡುವೆ ಗೋಡೆ ಇಲ್ಲ.

ಸದಾ ನೋವಿನಲ್ಲಿ ಇರುವವರಿಗೆ, ಹೊರಗೆ ಹೋಗಲು ಪ್ರತಿ ಸಲ ಇನ್ನೊಬ್ಬರನ್ನು ಕೇಳಬೇಕಾದವರಿಗೆ, ಚಿಕ್ಕಂದಿನಿಂದ ಗೇಲಿ ಮಾಡಿಸಿಕೊಂಡವರಿಗೆ ಮನಸ್ಸು ಕುಗ್ಗುವುದರಲ್ಲಿ ಆಶ್ಚರ್ಯವೇನಿದೆ? ಆ ಕಡೆಯಿಂದ ನೋಡಿದರೂ ಅಷ್ಟೇ. ವರ್ಷಗಟ್ಟಲೆ ಕಾಡುವ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ಬರುವ ಕಾಯಿಲೆ) ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ ಏರಿ, ಒಮ್ಮೆ ತೀರಾ ಕುಗ್ಗುವುದು) ಓದು, ಕೆಲಸ, ಸಂಬಂಧ ಎಲ್ಲದಕ್ಕೂ ಅಡ್ಡ ಬಂದರೆ ಅದೂ ಅಂಗವೈಕಲ್ಯವೇ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರ ಡಿಸೆಂಬರ್ 13ರಂದು ಅಂಗೀಕಾರವಾಗಿ 2008ರ ಮೇ 3ರಿಂದ ಜಾರಿಗೆ ಬಂತು. ದೇಹ, ಮನಸ್ಸು, ಬುದ್ಧಿ, ಇಂದ್ರಿಯ, ಯಾವುದರ ತೊಂದರೆ ದೀರ್ಘಕಾಲ ಇದ್ದರೂ ಅದು ಒಂದೇ ಸಾಲಿನಲ್ಲಿ ಸೇರಿಸುತ್ತದೆ.

ಡಾಕ್ಟರ ಹತ್ತಿರ ಹೋದರೆ "ಅದು ಅವನ ಸ್ವಭಾವ, ಈ ಥರದವರು ಹಾಗೇ" ಅನ್ನುತ್ತಾರೆ. ಏನು ಮಾಡಲಿ?

ಇದಕ್ಕೆ ಉದ್ದ ಉತ್ತರ ಬರೆಯುತ್ತೇನೆ. ಯಾಕಂದರೆ ಇಲ್ಲಿ ಆಗುವಷ್ಟು ಹಾನಿ ಬೇರೆಲ್ಲೂ ಆಗುವುದಿಲ್ಲ.

ತಮ್ಮನಿಗೆ ಇಪ್ಪತ್ತನಾಲ್ಕು ಆದಾಗ ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳಲು ಶುರು ಮಾಡಿದ. ರಾತ್ರಿ ಜಾಸ್ತಿ. ಒಂದು ಕಡೆ ತೋರಿಸಿದೆವು. ಬೌದ್ಧಿಕ ವೈಕಲ್ಯ ಇರುವವರಲ್ಲಿ ಇದು ಸಾಮಾನ್ಯ ಅಂದರು, ಮಂಪರು ಬರುವ ಮಾತ್ರೆ ಕೊಟ್ಟರು. ಮೂರು ವಾರ ಅವನು ಮಲಗಿದ್ದೇ ಬಂತು, ಎದ್ದಾಗ ಮತ್ತೆ ಹೊಡೆತ. ಕೊನೆಗೆ ಯಾವಾಗಲೂ ಎಡಗೆನ್ನೆಗೇ ಹೊಡೆದುಕೊಳ್ಳುತ್ತಾನಲ್ಲ ಅಂತ ಗಮನಿಸಿದ್ದು ಅಮ್ಮ. ಹಲ್ಲು ಒಳಗಿನಿಂದ ಕೊಳೆತಿತ್ತು. ಹಲ್ಲು ತೆಗೆದ ನಾಲ್ಕನೇ ದಿನಕ್ಕೆ ಹೊಡೆತ ನಿಂತಿತು.

ಒಂದು ದೊಡ್ಡ ರೋಗನಿರ್ಣಯ ಇದ್ದರೆ ಅದರ ನೆರಳಿನಲ್ಲಿ ಉಳಿದದ್ದೆಲ್ಲ ಮರೆಯಾಗುತ್ತದೆ. ಇದನ್ನು 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಜೊತೆಗಾರರು ಗುರುತಿಸಿ ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್ ಅಂತ ಹೆಸರಿಟ್ಟರು. ಬೌದ್ಧಿಕ ವೈಕಲ್ಯ ಇದೆ ಅಂತ ಗೊತ್ತಾದ ಕೂಡಲೇ ತಜ್ಞರು ಅದೇ ವ್ಯಕ್ತಿಯ ಮಾನಸಿಕ ತೊಂದರೆಯನ್ನು ಕಡಿಮೆ ಎಣಿಸುತ್ತಿದ್ದರು. ಉಲ್ಟಾ ಕೂಡ ಆಗುತ್ತದೆ. ಸ್ಕಿಜೋಫ್ರೇನಿಯಾ ಇರುವವರು ಎದೆನೋವು ಅಂದರೆ ಅದು ಭ್ರಮೆ ಅಂತ ಕಳುಹಿಸಿಬಿಡುತ್ತಾರೆ.

ಹಾಗಾಗಿ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ದೇಹ ನೋಡಿಸಿ. ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು, ಮುಟ್ಟಿನ ನೋವು, ಥೈರಾಯ್ಡ್, ವಿಟಮಿನ್ ಬಿ12. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಸಾಮಾನ್ಯ, ಅದು ನೋಡಲು ಡಿಪ್ರೆಶನ್ ಥರವೇ ಇರುತ್ತದೆ. ವಯಸ್ಸಾದವರಿಗೆ ಮೂತ್ರದ ಸೋಂಕಿನಿಂದ ಒಂದೇ ದಿನದಲ್ಲಿ ಗೊಂದಲ, ಭ್ರಮೆ ಬರಬಹುದು. ಹೊಸ ಮಾತ್ರೆ ಶುರುವಾಗಿದೆಯಾ ಅಂತಲೂ ನೋಡಿ. ಅಪಸ್ಮಾರಕ್ಕೆ (ಫಿಟ್ಸ್ ಕಾಯಿಲೆಗೆ) ಕೊಡುವ ಲೆವೆಟಿರಾಸಿಟಮ್ ಕೆಲವರಲ್ಲಿ ವಿಪರೀತ ಸಿಡುಕು ತರುತ್ತದೆ. ಸ್ಟೀರಾಯ್ಡ್ ಮಾತ್ರೆಗಳೂ ಮನಸ್ಥಿತಿಯನ್ನು ಏರುಪೇರು ಮಾಡುತ್ತವೆ.

ಡಾಕ್ಟರ ಮುಂದೆ ಹೇಳಲು ಒಂದು ವಾಕ್ಯ ಕೊಡುತ್ತೇನೆ, ಬಾಯಿಪಾಠ ಮಾಡಿಕೊಳ್ಳಿ: "ಈ ತೊಂದರೆ ಅವನಿಗೆ ಮೊದಲು ಇರಲಿಲ್ಲ, ಇಂಥ ದಿನದಿಂದ ಶುರುವಾಗಿದೆ. ಅಂಗವೈಕಲ್ಯ ಇಲ್ಲದ ಒಬ್ಬರಿಗೆ ಹೀಗಾಗಿದ್ದರೆ ನೀವು ಏನೇನು ಪರೀಕ್ಷೆ ಮಾಡಿಸುತ್ತಿದ್ದಿರಿ?" ಜಗಳ ಆಡುವುದು ಬೇಡ. ಈ ಪ್ರಶ್ನೆ ಕೇಳಿ ಸುಮ್ನೆ ಕೂತರೆ ಸಾಕು.

ಮಾತು ಬಾರದವರಿಗೆ ಡಿಪ್ರೆಶನ್ ಇದೆ ಅಂತ ಹೇಗೆ ತಿಳಿಯುವುದು?

ಅವರು "ಬೇಜಾರಾಗಿದೆ" ಅನ್ನುವುದಿಲ್ಲ. ಇಷ್ಟಪಡುತ್ತಿದ್ದ ಹಾಡು ಹಾಕಿದರೆ ತಿರುಗಿ ನೋಡುವುದಿಲ್ಲ. ಬೆಳಗ್ಗೆ ಬೇಗ ಎಚ್ಚರವಾಗುತ್ತದೆ. ತೂಕ ಇಳಿಯುತ್ತದೆ ಅಥವಾ ಏರುತ್ತದೆ. ಕಲಿತ ಕೆಲಸ ಮರೆತಂತೆ ಆಡುತ್ತಾರೆ. ಜನ ಹತ್ತಿರ ಬಂದರೆ ತಳ್ಳುತ್ತಾರೆ. ಇವರು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಅನ್ನುವ ಹೋಲಿಕೆಯೇ ಇಲ್ಲಿ ಮುಖ್ಯ ಸಾಕ್ಷಿ. ಬೇರೆಯವರ ಜೊತೆ ಹೋಲಿಸಿ ಉಪಯೋಗವಿಲ್ಲ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ಘಟನೆಗೆ ಮುಂಚೆ ಏನಾಯಿತು, ಆಗ ಏನು ಮಾಡಿದರು, ಆಮೇಲೆ ಏನಾಯಿತು, ಈ ಮೂರೇ ವಿಷಯ. ಅಭಿಪ್ರಾಯ ಬರೆಯಬೇಡಿ. "ಹಟ ಮಾಡಿದ" ಅಂತಲ್ಲ, "ಟೀವಿ ಸದ್ದು ಜಾಸ್ತಿ ಇತ್ತು, ಕಿವಿ ಮುಚ್ಚಿಕೊಂಡ, ಕೋಣೆಗೆ ಹೋದ" ಅಂತ ಬರೆಯಿರಿ. ಹಟ ಅನ್ನುವ ಪದ ಹೋದ ಕೂಡಲೇ ಕಾರಣ ಕಾಣತೊಡಗುತ್ತದೆ. ಚಿತ್ರದ ಕಾರ್ಡು, ಸನ್ನೆ, ಮಾತಾಡುವ ಆ್ಯಪ್, ಯಾವುದು ಒಗ್ಗುತ್ತದೋ ಅದನ್ನು ಕೊಡಿ. ಇವು ಕೊಟ್ಟರೆ ಮಾತು ಕಲಿಯುವುದಿಲ್ಲ ಅನ್ನುವ ಭಯ ಬೇಡ, ಅದು ನಿಜವಲ್ಲ.

ಕಿವುಡರ ವಿಷಯದಲ್ಲಿ ಒಂದು ಮಾತು. ಸನ್ನೆ ಭಾಷೆ ಅವರ ಭಾಷೆ. ಮನಸ್ಸಿನ ಒಳಗಿನ ಮಾತನ್ನು ಚೀಟಿಯಲ್ಲಿ ಬರೆದು ಕೊಡು ಅನ್ನುವುದು ಅನ್ಯಾಯ. ಮನೆಯವರನ್ನೇ ದುಭಾಷಿಯಾಗಿ ಕೂರಿಸುವುದೂ ಸರಿಯಲ್ಲ. ಅಮ್ಮನ ಮುಂದೆ ಹೇಳಲಾಗದ್ದನ್ನು ಅಮ್ಮನ ಕೈಯಲ್ಲೇ ಹೇಳಿಸುವುದು ಹೇಗೆ? ತರಬೇತಿ ಆದ ದುಭಾಷಿಯನ್ನು ಕೇಳಿ.

ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆಯಿಂದ. ನಿಜವಾಗಿಯೂ ಒಂದೇ ಹಾಳೆ.

ಮೇಲೆ ಹೆಸರು ಮತ್ತು ಅವರಿಗೆ ಇಷ್ಟವಾದ ಒಂದು ಫೋಟೋ. ಕೆಳಗೆ ಜನ ನನ್ನಲ್ಲಿ ಮೆಚ್ಚುವುದು ಏನು, ನನಗೆ ಮುಖ್ಯವಾದದ್ದು ಏನು, ನನಗೆ ಸಹಾಯ ಮಾಡುವುದು ಹೇಗೆ. ಹಾಳೆಯ ಹಿಂಬದಿಯಲ್ಲಿ ಈಗಿನ ಮಾತ್ರೆಗಳು, ಅಲರ್ಜಿ, ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು. ರೋಗದ ಹೆಸರು ಮುಂಬದಿಯಲ್ಲಿ ಬೇಡ, ಹಿಂಬದಿಯಲ್ಲಿ ಇರಲಿ. ಮೊದಲ ಸಾಲು ಓದಿದವರು ವ್ಯಕ್ತಿಯನ್ನು ನೋಡಬೇಕು, ಆಮೇಲೆ ಕಾಯಿಲೆ ನೋಡಲಿ.

ಇದನ್ನು ಅವರ ಜೊತೆ ಕೂತು ಬರೆಯಬೇಕು. ಅವರ ಬಗ್ಗೆ ನೀವೇ ಬರೆದುಬಿಟ್ಟರೆ ಅದು ಆರನೇ ಫೈಲಾಗುತ್ತದೆ ಅಷ್ಟೇ.

ಎಷ್ಟು ತಜ್ಞರು ಬೇಕು? ಯಾರು ಏನು ಮಾಡುತ್ತಾರೆ ಅನ್ನುವುದೇ ಅರ್ಥವಾಗುವುದಿಲ್ಲ.

ಮನೋವೈದ್ಯರು ರೋಗ ಗುರುತಿಸಿ ಔಷಧ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಪರೀಕ್ಷೆ ಮಾಡುತ್ತಾರೆ. ಫಿಸಿಯೋಥೆರಪಿಸ್ಟ್ ಚಲನೆ ಮತ್ತು ನೋವು ನೋಡುತ್ತಾರೆ. ಸ್ಪೀಚ್ ಥೆರಪಿಸ್ಟ್ ಮಾತಷ್ಟೇ ಅಲ್ಲ, ನುಂಗುವ ತೊಂದರೆಯನ್ನೂ ನೋಡುತ್ತಾರೆ. ಸಮಾಜ ಕಾರ್ಯಕರ್ತರು ಸವಲತ್ತು, ಮನೆ, ಕಾಗದಪತ್ರದ ಕೆಲಸಕ್ಕೆ.

ಎಲ್ಲರೂ ಮರೆಯುವವರು ಆಕ್ಯುಪೇಷನಲ್ ಥೆರಪಿಸ್ಟ್. ಸ್ನಾನ, ಬಟ್ಟೆ, ಅಡುಗೆ, ಪ್ರಯಾಣ, ಕೆಲಸ, ಇಂಥ ದಿನದ ಕೆಲಸಗಳನ್ನು ಹೇಗೆ ಸುಲಭ ಮಾಡಬಹುದು ಅಂತ ನೋಡುವವರು ಇವರು. ನನ್ನನ್ನು ಕೇಳಿದರೆ ಒಬ್ಬರನ್ನು ಮಾತ್ರ ಆರಿಸಬೇಕಾದಾಗ ಎಷ್ಟೋ ಸಲ ಮೊದಲು ಇವರನ್ನೇ ಆರಿಸುತ್ತೇನೆ.

ಆದರೆ ಸಂಖ್ಯೆ ಮುಖ್ಯವಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗಬಾರದು. ಒಬ್ಬರು ಬೆಳಗ್ಗೆ ಬೇಗ ಎದ್ದು ವ್ಯಾಯಾಮ ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಬರೆದ ಮಾತ್ರೆಯಿಂದ ಹತ್ತು ಗಂಟೆಗೆ ಮುಂಚೆ ಕಣ್ಣು ತೆರೆಯಲಾಗುವುದಿಲ್ಲ. ಇಬ್ಬರೂ ಸರಿ, ಮನೆಯಲ್ಲಿ ಮಾತ್ರ ರಾದ್ಧಾಂತ. ಹಾಗಾಗಿ ಎಲ್ಲರ ಜೊತೆ ಮಾತಾಡುವ ಒಬ್ಬ ವ್ಯಕ್ತಿಯನ್ನು ಗೊತ್ತುಮಾಡಿ. ನರ್ಸ್ ಆಗಬಹುದು, ಸಮಾಜ ಕಾರ್ಯಕರ್ತರಾಗಬಹುದು. ಬೇರೆ ಯಾರೂ ಇಲ್ಲದಿದ್ದರೆ ಆ ಕೆಲಸ ಮನೆಯವರ ಮೇಲೇ ಬೀಳುತ್ತದೆ. ಆಗಲಾದರೂ ಅದು ಕೆಲಸ ಅಂತ ಒಪ್ಪಿಕೊಳ್ಳಿ, ಅದಕ್ಕೆ ವಾರದಲ್ಲಿ ಸಮಯ ಎತ್ತಿಡಿ.

ಮಾತ್ರೆ ನಿಲ್ಲಿಸಬಹುದಾ? ಈಗ ಚೆನ್ನಾಗೇ ಇದ್ದಾರೆ.

ನೀವೇ ನಿಲ್ಲಿಸಬೇಡಿ. ಚೆನ್ನಾಗಿರುವುದು ಮಾತ್ರೆಯಿಂದಲೂ ಇರಬಹುದು. ತಟ್ಟನೆ ನಿಲ್ಲಿಸಿದರೆ ಕೆಲವು ಔಷಧಗಳಿಂದ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರುತ್ತದೆ. ಕೆಲವರಿಗೆ ಕಾಯಿಲೆಯೇ ಮರುಕಳಿಸುತ್ತದೆ. ಅಪಸ್ಮಾರದ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ. ಕಡಿಮೆ ಮಾಡಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ, ನಿಧಾನವಾಗಿ ಇಳಿಸುವ ದಾರಿ ಇದೆ.

ಹಾಗೆಯೇ ಶುರುವಿನಲ್ಲೂ ತಾಳ್ಮೆ ಬೇಕು. ಡಿಪ್ರೆಶನ್ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಅಡ್ಡಪರಿಣಾಮ ಮಾತ್ರ ಮೊದಲ ದಿನಗಳಲ್ಲೇ ಬರಬಹುದು, ಅದೇ ಸಮಸ್ಯೆ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ವರ್ಷಗಳ ಹಿಂದೆ ಯಾವುದೋ ಗಲಾಟೆಗೆ ಶುರು ಮಾಡಿದ ಮಾತ್ರೆ ಇನ್ನೂ ಯಾಕೆ ನಡೆಯುತ್ತಿದೆ ಅಂತ ಕೇಳುವ ಹಕ್ಕು ನಿಮಗಿದೆ. ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇರುವವರಿಗೆ ಮನೋರೋಗವೇ ಇಲ್ಲದಿದ್ದರೂ, ಸುಮ್ಮನಿರಿಸಲು ಮನೋರೋಗದ ಮಾತ್ರೆಗಳನ್ನು ಕೊಡುತ್ತಲೇ ಹೋಗುವುದು ಹಲವು ದೇಶಗಳಲ್ಲಿ ಕಂಡ ತಪ್ಪು.

ಮನಸ್ಸಿನ ಕಾಯಿಲೆಗೆ ಬಿ.ಪಿ., ಶುಗರ್ ಯಾಕೆ ನೋಡಬೇಕು?

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮುಂಚೆ ಸಾಯುತ್ತಾರೆ. ಅದರಲ್ಲಿ ಬಹುಪಾಲು ಸಾವಿಗೆ ಕಾರಣ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಸೋಂಕು. ಅಂದರೆ ತಡೆಯಬಹುದಾದವು. ಸೈಕೋಸಿಸ್‌ಗೆ (ಭ್ರಮೆ, ಇಲ್ಲದ ದನಿ ಕೇಳಿಸುವ ಸ್ಥಿತಿಗೆ) ಕೊಡುವ ಕೆಲವು ಮಾತ್ರೆಗಳಿಂದ ತೂಕ ಮತ್ತು ಸಕ್ಕರೆ ಏರುತ್ತದೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಕಿಡ್ನಿ, ಥೈರಾಯ್ಡ್ ಆಗಾಗ ನೋಡಬೇಕು. ವಾಂತಿ ಭೇದಿಯಾಗಿ ನೀರಿನಂಶ ಕಡಿಮೆಯಾದರೆ ಆ ಮಟ್ಟ ಅಪಾಯಕ್ಕೆ ಏರಬಹುದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಮಾತ್ರೆಯವರಿಗೆ ರಕ್ತಪರೀಕ್ಷೆ ಎಲ್ಲರೂ ನೆನಪಿಸುತ್ತಾರೆ, ಮಲಬದ್ಧತೆ ಬಗ್ಗೆ ಯಾರೂ ಕೇಳುವುದಿಲ್ಲ. ಅದೂ ಪ್ರಾಣಕ್ಕೆ ಬರಬಹುದು. ಮುಜುಗರ ಬಿಟ್ಟು ಕೇಳಿ.

ಅವರ ಪರವಾಗಿ ನಾವೇ ನಿರ್ಧಾರ ತೆಗೆದುಕೊಂಡರೆ ತಪ್ಪೇನು? ಅವರ ಒಳ್ಳೆಯದಕ್ಕೇ ತಾನೇ?

ಒಳ್ಳೆಯ ಮನಸ್ಸಿನ ಬಗ್ಗೆ ಅನುಮಾನವಿಲ್ಲ. ಆದರೆ ವಿಶ್ವಸಂಸ್ಥೆ ಒಪ್ಪಂದದ 12ನೇ ವಿಧಿ ಹೇಳುವುದು ಬೇರೆ. ನಿರ್ಧಾರ ಅವರದ್ದು, ಅದನ್ನು ಮಾಡಲು ಬೇಕಾದ ಸಹಾಯ ಕೊಡುವುದು ಉಳಿದವರ ಕೆಲಸ. ಸಹಾಯ ಅಂದರೆ ಸುಲಭ ಮಾತಿನಲ್ಲಿ ವಿವರಿಸುವುದು, ಚಿತ್ರ ತೋರಿಸುವುದು, ಎರಡೂ ಆಯ್ಕೆಗಳನ್ನು ಒಮ್ಮೆ ಮಾಡಿ ನೋಡಲು ಬಿಡುವುದು, ಸುಸ್ತಾದಾಗ ಕೇಳದೆ ಚೆನ್ನಾಗಿರುವ ಹೊತ್ತಿನಲ್ಲಿ ಕೇಳುವುದು.

ತಪ್ಪು ನಿರ್ಧಾರ ಮಾಡಿಬಿಟ್ಟರೆ? ನಾವೂ ಮಾಡುತ್ತೇವೆ ಅಲ್ವಾ. ನಮ್ಮ ಹಣ ಹಾಳಾದರೆ ಅನುಭವ, ಅವರ ಹಣ ಹಾಳಾದರೆ ಅಸಮರ್ಥತೆಗೆ ಸಾಕ್ಷಿ. ಇದ್ಯಾವ ನ್ಯಾಯ? ಅಪಾಯಕ್ಕೂ ಒಂದು ಘನತೆ ಇದೆ ಅಂತ ಬೌದ್ಧಿಕ ವೈಕಲ್ಯ ಇರುವವರ ಪರ ದನಿ ಎತ್ತಿದ ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕೆ 1972ರಲ್ಲಿ ಬರೆದರು. ಎಲ್ಲ ಅಪಾಯದಿಂದ ಕಾಪಾಡಲು ಹೋದರೆ ಬದುಕಿನಿಂದಲೇ ದೂರ ಇಟ್ಟಂತಾಗುತ್ತದೆ. ಜೀವಕ್ಕೆ ಕುತ್ತು ಬರುವ ಅಪಾಯ ಬೇರೆ, ಹೊಂದದ ಬಣ್ಣದ ಅಂಗಿ ಕೊಳ್ಳುವ ಅಪಾಯ ಬೇರೆ. ಮನೆಗಳಲ್ಲಿ ಜಗಳ ನಡೆಯುವುದು ಹೆಚ್ಚಾಗಿ ಎರಡನೆಯದರ ಬಗ್ಗೆ.

ಅಣ್ಣ ದಿನವಿಡೀ ಮಲಗಿರುತ್ತಾನೆ, ಸ್ನಾನವೂ ಮಾಡುವುದಿಲ್ಲ. ಇದು ಕಾಯಿಲೆಯಾ, ಸೋಮಾರಿತನವಾ?

ಸ್ಕಿಜೋಫ್ರೇನಿಯಾದಲ್ಲಿ ದನಿ ಕೇಳಿಸುವುದು, ಅನುಮಾನ ಇವು ಕಣ್ಣಿಗೆ ಬೀಳುತ್ತವೆ. ಆಸಕ್ತಿ ಬತ್ತಿಹೋಗುವುದು, ಮಾತು ಕಡಿಮೆಯಾಗುವುದು, ಎದ್ದು ಒಂದು ಕೆಲಸ ಶುರು ಮಾಡಲಾಗದಿರುವುದು ಕೂಡ ಅದೇ ಕಾಯಿಲೆಯ ಲಕ್ಷಣ. ಮಾತ್ರೆ ಮೊದಲನೆಯದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಅಷ್ಟಾಗಿ ಇಲ್ಲ. ಡಿಪ್ರೆಶನ್, ಮಾತ್ರೆಯ ಮಂಪರು ಕೂಡ ಹೀಗೇ ಕಾಣುತ್ತವೆ. ಆಟಿಸಂ ಇರುವವರು ವರ್ಷಗಟ್ಟಲೆ ಬೇರೆಯವರಂತೆ ನಟಿಸಿ ದಣಿದಾಗಲೂ ಇದೇ ಸ್ಥಿತಿ.

ಕೆಲಸವನ್ನು ಚೂರು ಚೂರು ಮಾಡಿ. "ಸ್ನಾನ ಮಾಡು" ಅನ್ನುವುದು ಒಂದು ಕೆಲಸವಲ್ಲ, ಹತ್ತು ಕೆಲಸ. ಮೊದಲ ವಾರ ಮುಖ ತೊಳೆದರೆ ಸಾಕು. ನೀರಿನ ಹೊಡೆತ ಮೈಗೆ ಹಿಂಸೆಯಾಗುತ್ತಾ, ಬಾತ್‌ರೂಮಿನಲ್ಲಿ ಬೀಳುವ ಭಯವಾ ಅಂತ ಕೇಳಿ. ಒಬ್ಬರಿಗೆ ಬೇಕಾಗಿದ್ದದ್ದು ಒಂದು ಸ್ಟೂಲು ಮತ್ತು ಗೋಡೆಗೆ ಹಿಡಿಕೆ, ಅಷ್ಟೇ. ಎರಡು ವರ್ಷ ಬೈಸಿಕೊಂಡಿದ್ದರು.

ಕೆಲಸಕ್ಕೆ ಹೋಗಲು ಮೊದಲು ಪೂರ್ತಿ ಹುಷಾರಾಗಬೇಕಾ?

ಬೇಕಿಲ್ಲ. ಮೊದಲು ತರಬೇತಿ, ಆಮೇಲೆ ನಕಲಿ ಕೆಲಸ, ಆಮೇಲೆ ನಿಜವಾದ ಕೆಲಸ ಅನ್ನುವ ಹಳೆಯ ದಾರಿಯಲ್ಲಿ ಬಹಳ ಜನ ಮೊದಲ ಮೆಟ್ಟಿಲಲ್ಲೇ ಉಳಿದರು. 1990ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ತಿರುಗಿಸಿ ನೋಡಿದರು. ಅವರು ಬಯಸುವ ನಿಜವಾದ ಕೆಲಸವನ್ನೇ ಬೇಗ ಹುಡುಕುವುದು, ಸೇರಿದ ಮೇಲೆ ಜೊತೆಗಿದ್ದು ಕಲಿಸುವುದು. ಕೆಲಸದ ಸಹಾಯಕರು ಮತ್ತು ಚಿಕಿತ್ಸೆಯ ತಂಡ ಒಟ್ಟಿಗೆ ಕೂತು ಮಾತಾಡುತ್ತಾರೆ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹಳೆಯ ದಾರಿಗಿಂತ ಈ ದಾರಿಯಲ್ಲಿ ಹೆಚ್ಚು ಜನರಿಗೆ ಕೆಲಸ ಸಿಕ್ಕಿತು.

ಅವರಿಗೆ ಸ್ನೇಹಿತರೇ ಇಲ್ಲ. ಇದಕ್ಕೂ ಬೆಂಬಲ ಬೇಕಾ?

ಬೇಕು, ತುಂಬ ಬೇಕು. ಎಷ್ಟೋ ಜನರ ಬದುಕಿನಲ್ಲಿ ಸಂಬಳ ತೆಗೆದುಕೊಳ್ಳದೆ ಮಾತಾಡಿಸುವವರು ಮನೆಯವರಷ್ಟೇ.

ಇದೇ ದಾರಿಯಲ್ಲಿ ನಡೆದು ಬಂದವರ ಜೊತೆ ಕೂರುವುದರಲ್ಲಿ ಏನೋ ಇದೆ, ತಜ್ಞರು ಕೊಡಲಾಗದ್ದು. 1948ರಲ್ಲಿ ನ್ಯೂಯಾರ್ಕಿನಲ್ಲಿ ಮಾನಸಿಕ ಆಸ್ಪತ್ರೆಯಿಂದ ಹೊರಬಂದವರು ಸೇರಿ ಫೌಂಟನ್ ಹೌಸ್ ಶುರು ಮಾಡಿದರು. ಅಲ್ಲಿ ರೋಗಿಗಳಿಲ್ಲ, ಸದಸ್ಯರಿದ್ದಾರೆ. ಮನೆ ನಡೆಸುವ ಕೆಲಸವನ್ನು ಸದಸ್ಯರು ಮತ್ತು ಸಿಬ್ಬಂದಿ ಹಂಚಿಕೊಂಡು ಮಾಡುತ್ತಾರೆ. ಇಂಥ ಕ್ಲಬ್‌ಹೌಸ್‌ಗಳು ಈಗ ಹಲವು ದೇಶಗಳಲ್ಲಿವೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಇಬ್ಬರು ಸೇರಿ ವಾರಕ್ಕೊಮ್ಮೆ ನಡೆಯಲು ಹೋದರೂ ಆಯಿತು. ಅದಕ್ಕೆ ಗುಂಪು ಚಿಕಿತ್ಸೆ ಅಂತ ಹೆಸರಿಡಬೇಡಿ ಮಾತ್ರ.

"ಸಾಯಬೇಕು ಅನ್ನಿಸುತ್ತಾ" ಅಂತ ಕೇಳಿದರೆ ನಾವೇ ತಲೆಗೆ ಹಾಕಿದಂತೆ ಆಗುವುದಿಲ್ಲವಾ?

ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಸುತ್ತಿ ಬಳಸಿ ಬೇಡ, ನೇರವಾಗಿ, ಮೆತ್ತಗೆ ಕೇಳಿ. ಹೌದು ಅಂದರೆ ಉಪದೇಶ ಮಾಡಬೇಡಿ. "ನಿನಗೇನು ಕಡಿಮೆ" ಅನ್ನಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಮತ್ತು ಹೆಚ್ಚುವರಿ ಮಾತ್ರೆಗಳನ್ನು ದೂರ ಇಡಿ, ನಿಮ್ಮಲ್ಲಿನ ತುರ್ತು ಸಹಾಯಕ್ಕೆ ಅಥವಾ ಆಸ್ಪತ್ರೆಗೆ ಅವತ್ತೇ ತಿಳಿಸಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಬೌದ್ಧಿಕ ವೈಕಲ್ಯ ಇರುವವರಿಗೆ ಇಂಥ ಯೋಚನೆ ಬರುವುದಿಲ್ಲ ಅನ್ನುವುದು ಸುಳ್ಳು.

ಕಾಯಿಲೆ ಮತ್ತೆ ಉಲ್ಬಣಿಸಿದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಡಬಹುದಾ?

ಬರೆದಿಡಲೇಬೇಕು, ಚೆನ್ನಾಗಿರುವಾಗ. ನನಗೆ ಹುಷಾರು ತಪ್ಪುತ್ತಿದೆ ಅನ್ನುವ ಮೊದಲ ಗುರುತುಗಳೇನು? ಒಬ್ಬರಿಗೆ ಅದು ಮೂರು ರಾತ್ರಿ ನಿದ್ದೆ ಇಲ್ಲದಿರುವುದು, ಇನ್ನೊಬ್ಬರಿಗೆ ಕಿಟಕಿ ಪರದೆ ಎಳೆದೇ ಇಡುವುದು. ಆಗ ಯಾರು ಬರಬೇಕು, ಯಾರು ಬರಬಾರದು? ಹಿಂದೆ ಯಾವ ಔಷಧ ಒಗ್ಗಿತು, ಯಾವುದು ಕೆಟ್ಟದಾಯಿತು? ಆಸ್ಪತ್ರೆಗೆ ಸೇರಿದರೆ ಮಕ್ಕಳನ್ನು, ಸಾಕಿದ ಬೆಕ್ಕನ್ನು ಯಾರು ನೋಡಿಕೊಳ್ಳಬೇಕು? ಗಾಲಿಕುರ್ಚಿ, ಶ್ರವಣಯಂತ್ರ, ಕನ್ನಡಕ ಜೊತೆಗೇ ಬರಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಲಾಟೆಯಲ್ಲಿ ಶ್ರವಣಯಂತ್ರ ಮನೆಯಲ್ಲೇ ಉಳಿದು, ವಾರ್ಡಿನಲ್ಲಿ "ರೋಗಿ ಸ್ಪಂದಿಸುತ್ತಿಲ್ಲ" ಅಂತ ಬರೆದದ್ದನ್ನು ನಾನೇ ಓದಿದ್ದೇನೆ. ಹಲವು ದೇಶಗಳಲ್ಲಿ ಇಂಥ ಮುಂಗಡ ಸೂಚನೆಗೆ ಕಾನೂನಿನ ಬಲವೂ ಇದೆ.

ನೋಡಿಕೊಳ್ಳುವ ನನಗೇ ಸಾಕಾಗಿಹೋಗಿದೆ. ಹೀಗೆ ಅನ್ನಿಸುವುದು ತಪ್ಪಾ?

ತಪ್ಪಲ್ಲ. ಅಷ್ಟೇ ಅಲ್ಲ, ನಿಮ್ಮ ಸುಸ್ತು ಅವರ ಚಿಕಿತ್ಸೆಗೂ ಸಂಬಂಧಪಟ್ಟದ್ದು. ಲಂಡನ್‌ನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ 1950ರ ದಶಕದ ಕೊನೆಯಿಂದ ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಗಮನಿಸುತ್ತಾ ಬಂದರು. ಸದಾ ಟೀಕೆ, ಸಿಟ್ಟು ಇರುವ ಮನೆಗೆ ಅಥವಾ ಉಸಿರು ಕಟ್ಟುವಷ್ಟು ಕಾಳಜಿ ಮಾಡುವ ಮನೆಗೆ ಹೋದವರಿಗೆ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಇದನ್ನು ಮನೆಯವರ ಮೇಲೆ ಗೂಬೆ ಕೂರಿಸಲು ಬಳಸುವವರಿದ್ದಾರೆ. ನಾನು ಓದುವುದು ಬೇರೆ ಥರ. ಸಹಾಯವೇ ಸಿಗದೆ ದಣಿದ ಮನೆಯಲ್ಲಿ ಟೀಕೆ ಜಾಸ್ತಿಯಾಗದೆ ಇನ್ನೇನಾಗುತ್ತದೆ? ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿಸಿ, ಸಮಸ್ಯೆ ಬಿಡಿಸುವ ದಾರಿ ಹೇಳಿಕೊಟ್ಟಾಗ ಮರುಕಳಿಸುವುದು ಕಡಿಮೆಯಾಗುತ್ತದೆ ಅನ್ನುವುದೂ ಅಷ್ಟೇ ಗಟ್ಟಿಯಾಗಿ ಸಾಬೀತಾಗಿದೆ.

ವಾರದಲ್ಲಿ ಒಂದು ಮಧ್ಯಾಹ್ನ ನಿಮ್ಮದಾಗಿರಲಿ. ಆ ಹೊತ್ತಿನಲ್ಲಿ ಔಷಧದ ಅಂಗಡಿಗೆ ಹೋಗಬೇಡಿ. ಹೋಗುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳಿದ್ದು.

ಎಲ್ಲಾದರೂ ಒಳ್ಳೆಯ ಸಂಸ್ಥೆಗೆ ಸೇರಿಸಿಬಿಟ್ಟರೆ ಎಲ್ಲರಿಗೂ ಒಳ್ಳೆಯದಲ್ವಾ?

ಕೆಲವರಿಗೆ ಕೆಲವು ಕಾಲ ಅದು ಬೇಕಾಗಬಹುದು. ಆದರೆ ಬದುಕಿಡೀ ಗೋಡೆಯ ಒಳಗೆ ಇಡುವುದು ಆರೈಕೆಯಲ್ಲ. ಇಟಲಿಯ ಟ್ರಿಯೆಸ್ಟ್ ನಗರದ ಮಾನಸಿಕ ಆಸ್ಪತ್ರೆಗೆ 1971ರಲ್ಲಿ ಮನೋವೈದ್ಯ ಫ್ರಾಂಕೋ ಬಸಾಲಿಯಾ ನಿರ್ದೇಶಕರಾಗಿ ಬಂದರು. 1973ರಲ್ಲಿ ಅಲ್ಲಿನ ರೋಗಿಗಳು ಕಲಾವಿದರ ಜೊತೆ ಸೇರಿ ಮರ ಮತ್ತು ಕಾಗದದ ಭಾರಿ ನೀಲಿ ಕುದುರೆ ಕಟ್ಟಿ ಮೆರವಣಿಗೆ ಹೊರಟರು. ಕುದುರೆ ಬಾಗಿಲಿಗಿಂತ ಎತ್ತರವಿತ್ತು. ಕುದುರೆಯನ್ನು ಕತ್ತರಿಸಲಿಲ್ಲ, ಬಾಗಿಲನ್ನೇ ಒಡೆದರು. 1978ರಲ್ಲಿ ಇಟಲಿ ಕಾನೂನು ಮಾಡಿ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚುವ ದಾರಿ ಹಿಡಿಯಿತು.

ಬಾಗಿಲು ಒಡೆದರಷ್ಟೇ ಸಾಲದು. ಹೊರಗೆ ಮನೆ, ಕೆಲಸ, ಹತ್ತಿರದಲ್ಲೇ ಹಗಲೂ ರಾತ್ರಿ ತೆರೆದ ಚಿಕಿತ್ಸಾ ಕೇಂದ್ರ ಇದ್ದದ್ದರಿಂದ ಟ್ರಿಯೆಸ್ಟ್ ನಿಂತಿತು. ಇವು ಯಾವುದೂ ಇಲ್ಲದೆ ಆಸ್ಪತ್ರೆ ಮುಚ್ಚಿದ ಕಡೆ ಜನ ಬೀದಿಗೆ, ಜೈಲಿಗೆ ಬಂದರು.

ವಾಸಿಯಾಗುತ್ತಾ?

ಕೆಲವು ಆಗುತ್ತವೆ, ಕೆಲವು ಜೊತೆಗೇ ಇರುತ್ತವೆ, ಅಂಗವೈಕಲ್ಯವನ್ನಂತೂ ವಾಸಿ ಮಾಡಬೇಕಾದ ಕಾಯಿಲೆ ಅಂತ ನೋಡುವುದೇ ಬೇಡ. ನಾನು ಕೇಳುವ ಪ್ರಶ್ನೆ ಬೇರೆ. ಕಳೆದ ವರ್ಷ ಈ ಹೊತ್ತಿಗೆ ಅವರ ವಾರ ಹೇಗಿತ್ತು? ಈಗ ಹೇಗಿದೆ? ದನಿ ಇನ್ನೂ ಕೇಳಿಸುತ್ತದೆ, ಆದರೆ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುತ್ತಾರೆ, ಇಬ್ಬರು ಗೆಳೆಯರಿದ್ದಾರೆ. ಇದನ್ನು ಚೇತರಿಕೆ ಅನ್ನದೆ ಇನ್ನೇನು ಅನ್ನುವುದು?

ಒಂದು ಸೇವೆ ಒಳ್ಳೆಯದಾ ಅಂತ ಹೇಗೆ ಗುರುತಿಸುವುದು?

ಅಲ್ಲಿನವರು ಯಾರನ್ನು ನೋಡಿ ಮಾತಾಡುತ್ತಾರೆ ಅಂತ ಗಮನಿಸಿ. ಗಾಲಿಕುರ್ಚಿ ತಳ್ಳುವವರನ್ನು ನೋಡಿ "ಇವರಿಗೆ ಏನಾಗಿದೆ" ಅಂದರೆ ಎದ್ದು ಬನ್ನಿ. ಪಾವತಿ, ದೂರು ಕೊಡುವ ದಾರಿ, ಬಿಟ್ಟು ಹೋಗುವ ನಿಯಮ ಬರಹದಲ್ಲಿ ಕೊಡುತ್ತಾರಾ? ಮನೆಯವರು ಯಾವಾಗ ಬೇಕಾದರೂ ಬಂದು ನೋಡಬಹುದಾ? ಪೂರ್ತಿ ಗುಣಪಡಿಸುತ್ತೇವೆ ಅಂತ ಗ್ಯಾರಂಟಿ ಕೊಡುವವರಿಂದ, ಕಟ್ಟಿಹಾಕುವುದನ್ನು ಶಿಸ್ತು ಅನ್ನುವವರಿಂದ ದೂರ ಇರಿ.

ನಾವು ಹೋದ ಮೇಲೆ ಅವರ ಗತಿಯೇನು?

ಈ ಪ್ರಶ್ನೆಯನ್ನು ಎಲ್ಲರೂ ಕೊನೆಗೆ, ದನಿ ತಗ್ಗಿಸಿ ಕೇಳುತ್ತಾರೆ. ಅವರು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿರುತ್ತಾರೆ.

ಅವರನ್ನೂ ಕೂರಿಸಿಕೊಂಡು ಮಾತಾಡಿ. ಎಲ್ಲಿರಲು ಇಷ್ಟ, ಯಾರ ಜೊತೆ ಇಷ್ಟ ಅಂತ ಕೇಳಿ. ಹಣ ಮತ್ತು ಆಸ್ತಿಯ ವಿಷಯಕ್ಕೆ ವಕೀಲರನ್ನು ನೋಡಿ. ಒಡಹುಟ್ಟಿದವರು ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಅಂದುಕೊಳ್ಳಬೇಡಿ, ಅವರನ್ನೂ ಕೇಳಿ, ಇಲ್ಲ ಅನ್ನಲೂ ಬಿಡಿ. ಈಗಿನಿಂದಲೇ ತಿಂಗಳಿಗೆ ಎರಡು ರಾತ್ರಿ ಬೇರೆ ಕಡೆ ಇದ್ದು ಅಭ್ಯಾಸವಾಗಲಿ. ಮೊದಲ ಸಲ ಮನೆ ಬಿಡುವುದು ಅಪ್ಪ ಅಮ್ಮ ತೀರಿಕೊಂಡ ದಿನವೇ ಆಗಬಾರದು. ಮತ್ತೆ ಆ ಒಂದು ಹಾಳೆಯನ್ನು ವರ್ಷಕ್ಕೊಮ್ಮೆ ತಿದ್ದಿ.

ನಮ್ಮ ಮನೆಯ ಹಾಳೆಯನ್ನು ಈ ಸಲ ತಮ್ಮನೇ ಹೇಳಿ ಬರೆಸಿದ. ಹಲ್ಲು ನೋಡಿಸುವುದು ಎಷ್ಟು ತಿಂಗಳಿಗೊಮ್ಮೆ ಅನ್ನುವುದು ಮೇಲೆಯೇ ಇದೆ. ಸಹಾಯ ಮಾಡುವುದು ಹೇಗೆ ಅನ್ನುವ ಜಾಗದಲ್ಲಿ ಒಂದು ಹೊಸ ಸಾಲು ಸೇರಿದೆ: "ಅಕ್ಕ ಜಾಸ್ತಿ ಪ್ರಶ್ನೆ ಕೇಳ್ತಾಳೆ. ಒಂದೊಂದೇ ಕೇಳಬೇಕು."